ಜಿಲ್ಲೆಯನ್ನು ಓದುವ ವಿಶ್ವವಿದ್ಯಾಲಯ

ಚಿತ್ರದುರ್ಗದ ಕೋಟೆಬೆಟ್ಟದ ಮಗ್ಗುಲಿನ ಚಂದ್ರವಳ್ಳಿ ಕಣಿವೆಯಲ್ಲಿ, ಭೈರವೇಶ್ವರ ಗುಡಿಯ ಬಳಿ ಒಂದು ಬಂಡೆಯಿದೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೆಲವೇ ಸಾಲುಗಳು. ಕದಂಬ ಮಯೂರಶರ್ಮ ಇಲ್ಲೊಂದು ಕೆರೆ ಮಾಡಿಸಿದ ಎಂಬುದು ಅದರ ಸಾರ. ಅವನು ಸೋಲಿಸಿದವರ ಪಟ್ಟಿಯೂ ಅದೇ ಸಾಲುಗಳಲ್ಲಿ ಇದೆಯೆಂದು ಓದಿದವರು ಎಂ.ಎಚ್. ಕೃಷ್ಣ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಅವರೇ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. 1929ರಲ್ಲಿ ಅವರು ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಈ ನೆಲದಿಂದ ಸಾತವಾಹನರ ಸೀಸದ ನಾಣ್ಯಗಳು ಬಂದವು, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಬಂದವು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಅಗೆಸಿದರು. ಕೃಷ್ಣ ಅವರ ಓದಿನ ಕೆಲವು ಹೆಸರುಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಬಂಡೆಯ ಅಕ್ಷರ ಸವೆದಿರುವ ಕಡೆ ಏನಿದೆಯೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹಾಗೆ ಮುಗಿಯದಿರುವುದೇ ವಿದ್ಯೆಯ ಆರೋಗ್ಯ. ಆದರೆ ಈ ಪ್ರಸಂಗದಲ್ಲಿ ನಮಗೆ ಮುಖ್ಯವಾದ ಸಂಗತಿ ಇನ್ನೊಂದು. 1916ರಲ್ಲಿ ಹುಟ್ಟಿ ಆಗಿನ್ನೂ ಹದಿಮೂರು ವರ್ಷವಾಗಿದ್ದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದ ಮೇಷ್ಟ್ರು, ತನ್ನ ವ್ಯಾಪ್ತಿಯ ಒಂದು ಊರಿನ ಮಣ್ಣಿಗೆ ಕೈಹಾಕಿ ಕೇಳಿದ ಪ್ರಶ್ನೆಗಳಿಂದ ಆ ಊರಿನ ಚರಿತ್ರೆ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಚಾಚಿಕೊಂಡಿತು.

ಈ ಉಪನ್ಯಾಸದಲ್ಲಿ ನಾನು ಮುಂದಿಡಬಯಸುವ ವಾದ ಒಂದೇ. ಸಣ್ಣ ಊರಿನ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ, ಅದು ಪೂರ್ಣ ವಿಶ್ವವಿದ್ಯಾಲಯವಿರಲಿ ಸ್ನಾತಕೋತ್ತರ ಕೇಂದ್ರವಿರಲಿ, ಬಲ ಬರುವುದು ತನ್ನ ಸುತ್ತಲಿನ ಜಿಲ್ಲೆಯನ್ನೇ ಅಧ್ಯಯನದ ವಸ್ತುವಾಗಿ ಕೈಗೆತ್ತಿಕೊಂಡಾಗ. ಪ್ರವೇಶ, ಪರೀಕ್ಷೆ, ಘಟಿಕೋತ್ಸವ ಇವೆಲ್ಲ ಬೇಕಾದವೇ. ಅಷ್ಟರಲ್ಲೇ ನಿಂತರೆ ಆ ಊರಿಗೂ ಆ ಸಂಸ್ಥೆಗೂ ಬಸ್ಸಿನ ಸಂಬಂಧ ಮಾತ್ರ ಉಳಿಯುತ್ತದೆ: ಬೆಳಿಗ್ಗೆ ಹೋಗುವುದು, ಸಂಜೆ ಬರುವುದು.

ಚಿತ್ರದುರ್ಗದ ಮಟ್ಟಿಗೆ ಈ ಮಾತು ಯಾಕೆ ತುರ್ತಿನದು ಎಂಬುದಕ್ಕೆ ಜಿಲ್ಲೆಯ ಶೈಕ್ಷಣಿಕ ಚರಿತ್ರೆಯನ್ನೇ ನೋಡಬಹುದು. ಇಲ್ಲಿನ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ಕೈಕೆಳಗಿದ್ದವು. 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದಾಗ ಅಲ್ಲಿಗೆ ಬಂದವು. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯ ತೆರೆದ ಸ್ನಾತಕೋತ್ತರ ಕೇಂದ್ರವೇ ದಾವಣಗೆರೆಯಲ್ಲಿ ಬೆಳೆದು ವಿಶ್ವವಿದ್ಯಾಲಯವಾಯಿತು. ಆ ಕೇಂದ್ರ ಹುಟ್ಟಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಿನ ಊರು; 1997ರಲ್ಲಿ ಅದು ಬೇರೆ ಜಿಲ್ಲೆಯಾಯಿತು. ಹೀಗೆ ಜಿಲ್ಲಾ ಕೇಂದ್ರದ ಪಾಲಿಗೆ ಉಳಿದದ್ದು ಗುಡ್ಡದ ರಂಗವ್ವನಹಳ್ಳಿಯ ಜ್ಞಾನಗಂಗೋತ್ರಿ ಎಂಬ ಸ್ನಾತಕೋತ್ತರ ಆವರಣ. ಜಿ.ಆರ್. ಹಳ್ಳಿ ಎಂದು ಜನ ಕರೆಯುವ ಆ ಜಾಗ ಪಟ್ಟಣದಿಂದ ಹೊರಗಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಮಕ್ಕಳು ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ ಹತ್ತಿಯೇ ಅಲ್ಲಿಗೆ ಹೋಗಬೇಕು.

ಇತರ ವಿದ್ಯೆಗಳದೂ ಇದೇ ಕಥೆ. ಇಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಪದವಿ ಬೆಳಗಾವಿಯಿಂದ ಬರುತ್ತದೆ, ವೈದ್ಯಕೀಯ ಓದಿದವರಿಗೆ ಬೆಂಗಳೂರಿನಿಂದ, ಹಿರಿಯೂರಿನ ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜಿನವರಿಗೆ ಶಿವಮೊಗ್ಗದಿಂದ, ಬಿ.ಎ., ಬಿ.ಎಸ್ಸಿ. ಮಾಡಿದವರಿಗೆ ದಾವಣಗೆರೆಯಿಂದ. ಆಡಳಿತದ ದೃಷ್ಟಿಯಿಂದ ಇದರಲ್ಲಿ ದೋಷವೇನೂ ಇಲ್ಲ. ಆದರೆ ಒಂದೇ ಜಿಲ್ಲೆಯ ನೀರು, ಬೆಳೆ, ಕಾಯಿಲೆ, ಕಲ್ಲು ಮತ್ತು ಕತೆಯನ್ನು ಬೇರೆಬೇರೆಯಾಗಿ ಕಲಿಯುವ ಈ ಮಕ್ಕಳೂ ಕಲಿಸುವ ಮೇಷ್ಟ್ರುಗಳೂ ಒಂದೇ ಮೇಜಿಗೆ ಕೂರುವ ಸಂದರ್ಭ ಈ ವ್ಯವಸ್ಥೆಯೊಳಗೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ಯಾರಾದರೂ ಹುಟ್ಟಿಸಬೇಕು.

ಊರು ತನ್ನ ಪಾಲಿನ ಕೆಲಸ ಮಾಡಿಲ್ಲವೆನ್ನುವಂತಿಲ್ಲ. ವಿಶ್ವವಿದ್ಯಾಲಯವಿಲ್ಲದ ಕಾಲದಲ್ಲೇ ಹುಲ್ಲೂರು ಶ್ರೀನಿವಾಸ ಜೋಯಿಸರು ಕೈಫಿಯತ್ತು, ಬಖೈರು, ಓಲೆ ಕಾಗದಗಳನ್ನು ಹುಡುಕಿ ಪಾಳೆಯಗಾರರ ಚರಿತ್ರೆಗೆ ತಳಹದಿ ಹಾಕಿದರು. ಎಂ.ಎಸ್. ಪುಟ್ಟಣ್ಣ ಚಿತ್ರದುರ್ಗದ ಪಾಳೆಯಗಾರರ ಮೇಲೆ ಪುಸ್ತಕವನ್ನೇ ಬರೆದರು. ಆ ಸಾಮಗ್ರಿಯ ಮೇಲೆ ನಿಂತು ತ.ರಾ. ಸುಬ್ಬರಾಯರು ಕಾದಂಬರಿಗಳ ಸರಣಿಯನ್ನೇ ಕಟ್ಟಿದರು. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ದೊಡ್ಡಪ್ಪ, ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ 1997ರಿಂದ ಶಿವಸಂಚಾರ ತಂಡವನ್ನು ನಾಡಿನ ಊರೂರಿಗೆ ಕಳಿಸುತ್ತಿದೆ, ರಂಗಶಾಲೆಯನ್ನೂ ನಡೆಸುತ್ತಿದೆ. ಸಿರಿಗೆರೆಯ ಮಠದಲ್ಲಿ ಪಾಣಿನಿಯ ಸೂತ್ರಗಳು ಕಂಪ್ಯೂಟರಿಗೆ ಹೊಂದಿಕೊಂಡವು. ಇವೆಲ್ಲ ಮಠ, ಮನೆ ಮತ್ತು ಒಬ್ಬೊಬ್ಬರ ಹಟದಿಂದ ಆದ ಕೆಲಸಗಳು. ಹಟ ಹಿಡಿದವರು ಹೋದ ಮೇಲೆ ಅವರ ಕಾಗದಗಳು ಎಲ್ಲಿರುತ್ತವೆ, ಮುಂದಿನವರಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಸಾರ್ವಜನಿಕ ಸಂಸ್ಥೆಯೇ ಉತ್ತರ ಕೊಡಬೇಕು. ಧಾರವಾಡದಲ್ಲಿ 1890ರ ವಿದ್ಯಾವರ್ಧಕ ಸಂಘ, 1939ರ ಕನ್ನಡ ಸಂಶೋಧನಾ ಸಂಸ್ಥೆ ಮೊದಲು ಬಂದವು, ಕರ್ನಾಟಕ ವಿಶ್ವವಿದ್ಯಾಲಯ ಆಮೇಲೆ ಬಂತು. ಸಂಶೋಧನಾ ಸಂಸ್ಥೆ ವಿಶ್ವವಿದ್ಯಾಲಯದ ಅಂಗವಾಯಿತು. ಊರು ಕೂಡಿಟ್ಟದ್ದನ್ನು ವಿಶ್ವವಿದ್ಯಾಲಯ ಕಾಪಾಡಿಕೊಂಡು ಬೆಳೆಸಿತು. ಚಿತ್ರದುರ್ಗದಲ್ಲಿ ಮೊದಲ ಅರ್ಧ ಆಗಿದೆ, ಎರಡನೆಯ ಅರ್ಧ ಬಾಕಿಯಿದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ವಾದದ ಭಾರವೆಲ್ಲ ಇಲ್ಲಿದೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಜಿಲ್ಲೆ ಇದು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. 130 ಅಡಿ ಎತ್ತರಕ್ಕೆ, ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಮತ್ತೆ 2025ರ ಜನವರಿಯಲ್ಲಿ. ಇದಕ್ಕೆ ಒಳ್ಳೆಯ ಮಳೆ ಒಂದು ಕಾರಣವಾದರೆ, ಭದ್ರಾ ಮೇಲ್ದಂಡೆ ಯೋಜನೆಯಿಂದ ಅಜ್ಜಂಪುರದ ಸುರಂಗ ದಾಟಿ ಬರತೊಡಗಿದ ನೀರು ಇನ್ನೊಂದು. ಅದಕ್ಕೆ ಕೆಲವೇ ವರ್ಷ ಹಿಂದಿನ ಬರದಲ್ಲಿ ನೀರು ತಳ ಸೇರಿ, ಹಿರಿಯೂರಿನ ತೆಂಗಿನ ತೋಟಗಳು ಕಣ್ಣೆದುರೇ ಒಣಗಿದ್ದವು. ತುಂಬಿದ ವರ್ಷ ಹಿರಿಯೂರಿನಲ್ಲಿ ಬಾಗಿನ, ಸಂಭ್ರಮ. ಅದೇ ವರ್ಷ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ಹೊಲ, ತೋಟ, ರಸ್ತೆ ಮುಳುಗಿದ ಸಂಕಟ. ಒಂದೇ ಕೆರೆಯ ಎರಡು ದಡಗಳಲ್ಲಿ ಎರಡು ಬಗೆಯ ಅನುಭವ.

ಭದ್ರಾ ಮೇಲ್ದಂಡೆಯ ಲೆಕ್ಕ ದೊಡ್ಡದು. 29.9 ಟಿಎಂಸಿ ನೀರು, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ 5,300 ಕೋಟಿ ರೂಪಾಯಿಗಾಗಿ ಆದ ವಾಗ್ವಾದ ಎಲ್ಲರಿಗೂ ಗೊತ್ತು. ಹಣದ ಜಗಳ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ನೀರು ಬಂದ ಮೇಲೆ ಮಣ್ಣಿಗೆ, ಅಂತರ್ಜಲಕ್ಕೆ, ಬೆಳೆಗೆ, ಭೂಮಿಯ ಬೆಲೆಗೆ, ಕೂಲಿಗೆ ಏನಾಗುತ್ತದೆಂಬುದು ಬರುವುದಿಲ್ಲ. ಹೊಳಲ್ಕೆರೆಯಲ್ಲಿ, ಹೊಸದುರ್ಗದಲ್ಲಿ ರಾಗಿ, ಜೋಳ, ಸಾವೆ ಬೆಳೆಯುತ್ತಿದ್ದ ಹೊಲಗಳಿಗೆ ಅಡಿಕೆ ಸಸಿ ಇಳಿದಿದೆ. ಹನಿ ನೀರಾವರಿಗೆಂದು ಲೆಕ್ಕ ಹಾಕಿದ ನೀರು ಅಡಿಕೆಗೆ ಸಾಲುತ್ತದೆಯೇ? ಕೊಳವೆಬಾವಿ ಆಳಕ್ಕಿಳಿದಂತೆ ಈ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ; ಮಕ್ಕಳ ಹಲ್ಲಿನ ಕಂದು ಗೆರೆಯಲ್ಲಿ, ಮುದುಕರ ಬಾಗದ ಮಂಡಿಯಲ್ಲಿ ಅದು ಕಾಣುತ್ತದೆ. ಕೆರೆ ತುಂಬಿದರೆ ಆ ಅಂಶ ತಗ್ಗುತ್ತದೆಯೇ, ಎಷ್ಟು ವರ್ಷಕ್ಕೆ ತಗ್ಗುತ್ತದೆ? ಇವುಗಳಿಗೆ ಉತ್ತರ ಬೇಕಾದರೆ ನೀರು ಬರುವುದಕ್ಕೆ ಮುಂಚಿನ ಅಳತೆ ಇರಬೇಕು, ಬಂದ ಮೇಲೆ ವರ್ಷವರ್ಷವೂ ಅದೇ ಬಾವಿಯಲ್ಲಿ, ಅದೇ ಹೊಲದಲ್ಲಿ ಅಳೆಯುತ್ತಿರಬೇಕು. ಇಲಾಖೆಗಳು ಅಳೆಯುತ್ತವೆ, ನಿಜ. ಆದರೆ ಇಲಾಖೆಯ ಅಳತೆ ಯೋಜನೆಯ ಅವಧಿಗೆ ಕಟ್ಟುಬಿದ್ದದ್ದು. ಅಧಿಕಾರಿ ವರ್ಗವಾದರೆ ಕಡತ ಕಪಾಟಿಗೆ ಹೋಗುತ್ತದೆ. ಮೂವತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ತಾಳ್ಮೆ ಸಮಾಜ ವಿಶ್ವವಿದ್ಯಾಲಯಕ್ಕೆ ಮಾತ್ರ ವಹಿಸಿಕೊಟ್ಟಿದೆ.

ಗಣಿಯದೂ ಹೀಗೆಯೇ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು; 2013ರ ತೀರ್ಪಿನ ನಂತರ ಮಿತಿ ಹಾಕಿ ಮತ್ತೆ ಬಿಟ್ಟಿತು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ನಿಗಮ ಹುಟ್ಟಿತು, ಅದರಲ್ಲಿ ಸಾವಿರಾರು ಕೋಟಿ ರೂಪಾಯಿ ಕೂಡಿತು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಸುತ್ತಿನ ಹಳ್ಳಿಗಳು ಆ ಹಣದ ಹಕ್ಕುದಾರರು. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಕಟ್ಟುವುದು ಸರಿಯೇ. ಆದರೆ ಅದಿರಿನ ಧೂಳು ತೋಟದ ಇಳುವರಿಗೆ, ಉಸಿರಿಗೆ, ಹಳ್ಳದ ನೀರಿಗೆ ಏನು ಮಾಡಿದೆಯೆಂದು ನೆಲಮಟ್ಟದಲ್ಲಿ ಗೊತ್ತಿಲ್ಲದೆ ಪುನಶ್ಚೇತನ ಆಯಿತೋ ಇಲ್ಲವೋ ಎಂದು ಹೇಳುವವರು ಯಾರು?

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದೇ. ವಿಶ್ವವಿದ್ಯಾಲಯವೆಂದರೆ ವಿಶ್ವದ ವಿದ್ಯೆ. ಅದನ್ನು ತಾಲ್ಲೂಕಿನ ಗಡಿಯೊಳಗೆ ಕಟ್ಟಿಹಾಕಿದರೆ ಹಳ್ಳಿಯ ಮಕ್ಕಳಿಗೆ ಕಿರಿದಾದ ವಿದ್ಯೆ ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಮರಡಿಹಳ್ಳಿಯನ್ನು ತೋರಿಸುತ್ತೇನೆ. ಹಿರಿಯೂರು ತಾಲ್ಲೂಕಿನ ಆ ಊರಿನ ಬಳಿಯ ಗುಡ್ಡದಲ್ಲಿ ತಲೆದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂಥ ದುಂಡುದುಂಡು ಕಲ್ಲುಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ, ಮೇಲ್ಪದರ ತಟ್ಟನೆ ತಣಿದು ಗಟ್ಟಿಯಾಗಿ, ಒಳಗಿನದು ಮತ್ತೆ ಒಡೆದು ಹೊರಚೆಲ್ಲಿ ಆದ ಆಕಾರ ಅದು. ಎಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ, ಇಂದು ಕುಡಿಯುವ ನೀರಿಗೆ ಪರದಾಡುವ ಈ ಜಾಗ ನೀರಿನಡಿಯಲ್ಲಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಭೂಮಿಯ ತೊಗಟೆ ಹೇಗೆ ರೂಪುಗೊಂಡಿತು ಎಂದು ಪ್ರಪಂಚದ ಯಾವ ಮೂಲೆಯಲ್ಲಿ ಅಧ್ಯಯನ ಮಾಡುವವರಿಗೂ ಚಿತ್ರದುರ್ಗದ ಶಿಲಾಪಟ್ಟಿ ಪರಿಚಿತ ಹೆಸರು. ಚಂದ್ರವಳ್ಳಿಯ ರೋಮನ್ ನಾಣ್ಯ ಸ್ಥಳೀಯವೋ ಜಾಗತಿಕವೋ? ಸ್ಥಳವನ್ನು ಆಳವಾಗಿ ನೋಡಿದವರಿಗೇ ಅದರಲ್ಲಿ ಲೋಕ ಸಿಕ್ಕಿದೆ. ಫ್ಲೋರೈಡಿನ ಪ್ರಶ್ನೆ ಆಫ್ರಿಕಾದ ಬಿರುಕು ಕಣಿವೆಯ ದೇಶಗಳದೂ ಹೌದು. ಇಲ್ಲಿ ಸಿಕ್ಕ ಉತ್ತರ ಅಲ್ಲಿಗೂ ಬೇಕಾದದ್ದು. ಬೇರೆಡೆ ಬರೆದ ಪಠ್ಯವನ್ನು ಮೂರನೆಯ ಕೈಯಿಂದ ನೋಟ್ಸು ಮಾಡಿಕೊಂಡು ಉರು ಹೊಡೆಯುವ ವಿದ್ಯೆಯೇ ನಿಜಕ್ಕೂ ಕಿರಿದು.

ಎರಡನೆಯ ಆಕ್ಷೇಪ: ಜಿಲ್ಲೆಗೆ ಆಗಲೇ ವಿಜ್ಞಾನ ನಗರಿ ಬಂದಿದೆಯಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿದೆ, ಅಕ್ಕಪಕ್ಕ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನದ ಸಂಸ್ಥೆಗಳಿವೆ. ವಿಜ್ಞಾನ ಸಂಸ್ಥೆಯ ಆ ಆವರಣದಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಅದು ಬೆಲೆಯುಳ್ಳ ಕೆಲಸವೆಂದು ಒಪ್ಪುತ್ತೇನೆ. ಆದರೆ ಆ ಸಂಸ್ಥೆಗಳ ಹೊಣೆ ರಾಷ್ಟ್ರದ್ದು, ಪ್ರವೇಶ ಆಯ್ದ ಕೆಲವರದು. ಅವು ನಿಂತಿರುವ ಅಮೃತಮಹಲ್ ಕಾವಲಿನಲ್ಲಿ ದನ, ಕುರಿ, ಕಂಬಳಿಯ ಬದುಕು ನಡೆಸುತ್ತಿದ್ದ ಹಳ್ಳಿಗಳು ಹಸಿರು ನ್ಯಾಯಮಂಡಳಿಯವರೆಗೆ ಹೋದ ವ್ಯಾಜ್ಯ ಬಲ್ಲವರಿಗೆ, ಬೇಲಿಯೊಳಗಿನ ಜ್ಞಾನಕ್ಕೂ ಬೇಲಿಯ ಹೊರಗಿನ ಜನಕ್ಕೂ ನಡುವೆ ಒಬ್ಬರು ಬೇಕೆಂಬುದು ಹೊಳೆಯುತ್ತದೆ. ಆ ಜಾಗ ರಾಜ್ಯ ವಿಶ್ವವಿದ್ಯಾಲಯದ್ದು. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯ ಪ್ರತಿ ಐವರಲ್ಲಿ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರು. ಅವರ ಮಕ್ಕಳು ಸರ್ಕಾರಿ ಹಾಸ್ಟೆಲಿನಲ್ಲಿದ್ದು ಎಂ.ಎ., ಎಂ.ಎಸ್ಸಿ.ವರೆಗೆ ಬರಬಹುದಾದ ಬಾಗಿಲು ಜ್ಞಾನಗಂಗೋತ್ರಿಯದ್ದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದುಬರಹವಿಲ್ಲದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡದ್ದರಿಂದ ಕನ್ನಡಕ್ಕೆ ಅವು ದಕ್ಕಿದವು. ಅಂಥ ಗೊಲ್ಲರಹಟ್ಟಿಯಿಂದ, ಮ್ಯಾಸಬೇಡರ ಊರಿನಿಂದ ಬಂದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹಾಡನ್ನೂ, ಮುಟ್ಟಾದವಳನ್ನು ಹಟ್ಟಿಯ ಆಚೆಗಿಡುವ ಪದ್ಧತಿಯನ್ನೂ ಒಂದೇ ಧೈರ್ಯದಿಂದ ಅಧ್ಯಯನ ಮಾಡಬಲ್ಲಳು. ಹೊರಗಿನಿಂದ ಬಂದವರಿಗೆ ಸಿಗದ ಒಳಗಿನ ಕಣ್ಣು ಅವಳದು.

ಮೂರನೆಯ ಆಕ್ಷೇಪ ಹಣದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಬೋಧಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ಪಾಠದ ಹೊರೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಕೆಲಸವಿರುತ್ತದೋ ಇಲ್ಲವೋ ತಿಳಿಯದವರನ್ನು ಮೂವತ್ತು ವರ್ಷದ ಪ್ರಶ್ನೆಗೆ ಹಚ್ಚುವುದು ಅನ್ಯಾಯ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ಕೊಟ್ಟಾಗ ಮುಂದಿಟ್ಟ ಕಾರಣವೂ ಹಣವೇ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅದರಿಂದ ಒಂದು ಪಾಠ ಕಲಿಯಬೇಕು. ಚಿತ್ರದುರ್ಗಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಹೊಸ ಕುಲಪತಿ, ಹೊಸ ಕುಲಸಚಿವ, ಹೊಸ ಪರೀಕ್ಷಾ ವಿಭಾಗ ಬಂದರೂ ಮೇಷ್ಟ್ರುಗಳಿಲ್ಲದಿದ್ದರೆ ನಮಗೆ ದಕ್ಕುವುದು ಹೆಸರಿನ ಫಲಕ. ಫಲಕಕ್ಕೆ ಮೊದಲು ಹುದ್ದೆ ಕೇಳಬೇಕು. ಊರಿನ ಶಾಸಕರನ್ನು, ಸಂಘಗಳನ್ನು, ವರ್ತಕರನ್ನು ಈ ಒಂದು ಬೇಡಿಕೆಯ ಸುತ್ತ ಕೂಡಿಸುವುದು ಊರಿನ ಕೆಲಸ: ಜ್ಞಾನಗಂಗೋತ್ರಿಯ ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಿ. ಗಣಿ ಪುನಶ್ಚೇತನದ ಹಣದ ಒಂದು ಸಣ್ಣ ಪಾಲು ಅಳತೆಗೆ, ಪ್ರಯೋಗಾಲಯಕ್ಕೆ ಮೀಸಲಾಗಬೇಕೆಂದು ಕೇಳುವುದರಲ್ಲೂ ತಪ್ಪಿಲ್ಲ. ಪರಿಸರಕ್ಕೆ ಆದ ಹಾನಿ ತುಂಬಿಕೊಡಲೆಂದೇ ಆ ಹಣ ಇರುವುದು. ಹಾನಿಯನ್ನು ಅಳೆಯುವುದು ಅದರ ಮೊದಲ ಖರ್ಚಾಗಬೇಕು.

ಇದೆಲ್ಲ ಸರಿ, ಮಕ್ಕಳಿಗೆ ಕೆಲಸ ಬೇಕಲ್ಲ ಎನ್ನುವ ತಂದೆತಾಯಿಯ ಮಾತನ್ನು ನಾನು ಎಲ್ಲಕ್ಕಿಂತ ಗೌರವದಿಂದ ಕೇಳುತ್ತೇನೆ. ರಾಗಿ ಮಾರಿ, ಸಾಲ ಮಾಡಿ ಓದಿಸುವವರಿಗೆ ಚಂದ್ರವಳ್ಳಿಯ ಬಂಡೆಯಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಎಲ್ಲರ ಕೈಯಲ್ಲೂ ಒಂದೇ ಬಗೆಯ ಅಂಕಪಟ್ಟಿ ಇರುವ ಈ ಹೊತ್ತಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿದ ಎಂ.ಎಸ್ಸಿ.ಯವನಿಗೆ ಸಿಗುವ ಕೆಲಸ ಎಂಥದ್ದೆಂಬುದೂ ಅದೇ ತಂದೆತಾಯಿಗೆ ಗೊತ್ತಿದೆ. ನೀರಿನ ಮಾದರಿ ತೆಗೆದು ಪರೀಕ್ಷಿಸಬಲ್ಲವರು, ನಕ್ಷೆಯಲ್ಲಿ ಹೊಲದ ಬೆಳೆ ಗುರುತಿಸಬಲ್ಲವರು, ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆ ಮಾಡಿ ಕನ್ನಡದಲ್ಲಿ ಸ್ಪಷ್ಟವಾಗಿ ವರದಿ ಬರೆಯಬಲ್ಲವರು ಭದ್ರಾ ಯೋಜನೆಗೆ ಬೇಕು, ಗ್ರಾಮ ಪಂಚಾಯಿತಿಗೆ ಬೇಕು, ಸಹಕಾರ ಸಂಘಕ್ಕೆ ಬೇಕು, ಪತ್ರಿಕೆಗೂ ಬೇಕು. ಓದುತ್ತಿರುವಾಗಲೇ ಆ ಕೆಲಸ ಮಾಡಿದವರಿಗೆ ಅದು ಕೈಗೆ ಹತ್ತುತ್ತದೆ.

ಹಾಗಾದರೆ ಎಲ್ಲಿಂದ ಆರಂಭ? ದೊಡ್ಡ ಕಟ್ಟಡ ಬೇಕಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ಸರ್ಕಾರಿ ಪದವಿ ಕಾಲೇಜುಗಳ ರಸಾಯನಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಕೊಳವೆಬಾವಿಯನ್ನು ಆರಿಸಿಕೊಳ್ಳಲಿ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ನೀರಿನ ಆಳವನ್ನೂ ಫ್ಲೋರೈಡನ್ನೂ ಅಳೆದು, ಸುತ್ತಿನ ಹೊಲದಲ್ಲಿ ಆ ವರ್ಷ ಏನು ಬೆಳೆದಿದ್ದಾರೆಂದು ಬರೆಯಲಿ. ಜ್ಞಾನಗಂಗೋತ್ರಿ ಅದನ್ನು ಕೂಡಿಸಿ, ತಿದ್ದಿ, ವರ್ಷಕ್ಕೊಂದು ಪುಸ್ತಕವಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಪಂಚಾಯಿತಿಗೆ ಕಳಿಸಲಿ. ಬಬ್ಬೂರು ಫಾರಂನವರು ಮಣ್ಣಿನ ಕಡೆಯಿಂದ, ಜಿಲ್ಲೆಯ ವೈದ್ಯಕೀಯ ಕಾಲೇಜುಗಳವರು ಹಲ್ಲು ಮೂಳೆಯ ಕಡೆಯಿಂದ ಕೈಗೂಡಿಸಲಿ. ಜ್ಞಾನಗಂಗೋತ್ರಿಯ ಒಂದು ಕೋಣೆಯಲ್ಲಿ ಜಿಲ್ಲೆಯ ಕೈಫಿಯತ್ತು, ಲೆಕ್ಕದ ಕಡತ, ಹಾಡಿನ ಧ್ವನಿಮುದ್ರಣಗಳಿಗೆ ಬೀಗವಿಲ್ಲದ ಕಪಾಟು ಇರಲಿ. ಈ ಎರಡು ಕೆಲಸಗಳಲ್ಲಿ ಕಪಾಟು ಒಂದೆರಡು ವರ್ಷ ತಡವಾದರೂ ನಷ್ಟ ಸಹಿಸಬಹುದು. ನೀರಿನ ಅಳತೆ ಹಾಗಲ್ಲ. ಭದ್ರೆಯ ನೀರು ಇನ್ನೂ ಮುಟ್ಟದ ಕೆರೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಈಗಲೂ ಇವೆ. ಅವು ತುಂಬಿದ ಮರುದಿನ ‘ಮುಂಚೆ ಎಷ್ಟಿತ್ತು’ ಎಂಬ ಅಂಕಿಯನ್ನು ಯಾವ ವಿಶ್ವವಿದ್ಯಾಲಯವೂ, ಎಷ್ಟೇ ಹಣ ಕೊಟ್ಟರೂ, ಮತ್ತೆ ತಂದುಕೊಡಲಾರದು. ಆದ್ದರಿಂದ ಮೊದಲ ಅಳತೆ ಬರುವ ಮುಂಗಾರಿಗೆ ಮುಂಚೆಯೇ ಆಗಬೇಕು.